ಪುಟದ ಮೇಲಣ ಕಾಣದ ಪದರ

ಕಣ್ಣು ಒಂದನ್ನು ಕಾಣುತ್ತಿರಲು ಬೆರಳು ಮತ್ತೊಂದನ್ನು ಒತ್ತುವಂತೆ ಮಾಡುವ ವಂಚನೆಯೊಂದು ಅಂತರ್ಜಾಲದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಜೆರೆಮಿಯಾ ಗ್ರಾಸ್‌ಮನ್ ಮತ್ತು ರಾಬರ್ಟ್ ಹ್ಯಾನ್ಸನ್ ಎಂಬ ಭದ್ರತಾತಜ್ಞರು 2008ರಲ್ಲಿ ಇದಕ್ಕೆ ‘ಕ್ಲಿಕ್‌ಜ್ಯಾಕಿಂಗ್’ ಎಂದು ಹೆಸರಿತ್ತರು. ವಂಚಕನು ಬಹುಮಾನದ ಆಮಿಷವನ್ನೋ ಚಲಚ್ಚಿತ್ರದ ತುಣುಕನ್ನೋ ತೋರುವ ಪುಟವೊಂದನ್ನು ರಚಿಸಿ, ನಾವು ಆಗಲೇ ಲಾಗಿನ್ ಆಗಿರುವ ಬೇರೊಂದು ತಾಣದ ಪುಟವನ್ನು ಸಂಪೂರ್ಣ ಪಾರದರ್ಶಕವಾಗಿ ಅದರ ಮೇಲೆ ಹಾಸಿ, ಆ ಅಗೋಚರ ಪುಟದ ಒಪ್ಪಿಗೆಯ ಗುಂಡಿಯು ಕಾಣುವ ‘ವಿಡಿಯೋ ನೋಡಿ’ ಎಂಬ ಗುಂಡಿಯ ಮೇಲೆಯೇ ಬರುವಂತೆ ಹೊಂದಿಸುತ್ತಾನೆ. ಹೀಗೆ ಜನರ ಕೈಯಿಂದಲೇ, ಅವರ ಅರಿವಿಲ್ಲದೆ, ಕ್ಯಾಮೆರಾ ಮೈಕ್ರೊಫೋನುಗಳಿಗೆ ಅನುಮತಿ ಕೊಡಿಸಬಹುದೆಂಬುದು ಆ ವರ್ಷವೇ ಸಿದ್ಧವಾಯಿತು. 2010ರಲ್ಲಿ ಫೇಸ್‌ಬುಕ್ಕಿನ ‘ಲೈಕ್’ ಗುಂಡಿಯೂ ಇದೇ ತಂತ್ರದ ಸಾಧನವಾಯಿತು.

ಈ ಅಗೋಚರ ಪದರಕ್ಕೆ ಮುಖ್ಯವಾದ ಮದ್ದು ತಾಣದ ಒಡೆಯರಲ್ಲಿದೆ. ಸಂಘವನ್ನೋ ಅಂಗಡಿಯನ್ನೋ ನಡೆಸುತ್ತ ಸ್ವಂತ ತಾಣವನ್ನಿಟ್ಟಿರುವವರು, ‘ಫ್ರೇಮ್-ಆನ್ಸೆಸ್ಟರ್ಸ್’ ಎಂಬ ನಿರ್ಬಂಧವನ್ನು ಅಳವಡಿಸಲಾಗಿದೆಯೇ ಎಂದು ತಮ್ಮ ತಂತ್ರಜ್ಞರನ್ನು ಇಂದೇ ಕೇಳತಕ್ಕದ್ದು. ಅದಿದ್ದಲ್ಲಿ ಅನ್ಯರು ಆ ಪುಟವನ್ನು ತಮ್ಮ ಪುಟದೊಳಗೆ ಹುದುಗಿಸಲು ಬ್ರೌಸರು ಬಿಡದು. ಬಳಕೆದಾರರಾದ ನಾವು ಮಾಡಬಹುದಾದುದು ಬ್ಯಾಂಕಿನ ಕೆಲಸ ಮುಗಿದೊಡನೆ ಲಾಗ್ಔಟ್ ಆಗುವುದು, ಆ ಕೆಲಸಕ್ಕೆ ಪ್ರತ್ಯೇಕ ಬ್ರೌಸರನ್ನು ಇಟ್ಟುಕೊಳ್ಳುವುದು, ಮತ್ತು ಬ್ರೌಸರನ್ನು ಆಗಾಗ ಅಪ್‌ಡೇಟ್ ಮಾಡುವುದು.

ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಕಣ್ಣಿಗೆ ಕಾಣುವ ಪದರಗಳು. ಪುಟದೊಳಗಿನ ಪ್ರತಿಯೊಂದು ರೇಖೆಯನ್ನೂ ಪುಟ ಬರೆದವನೇ ಎಳೆಯಬಲ್ಲನಾದ್ದರಿಂದ, ಅಲ್ಲಿ ಕಾಣುವ ಬೀಗದ ಚಿಹ್ನೆ, ಸರ್ಕಾರದ ಲಾಂಛನ, ಮುಚ್ಚಲೆಂದು ಇಟ್ಟಂತಿರುವ ಗುಣಾಕಾರದ ಗುರುತು, ಇವೆಲ್ಲವೂ ಅವನ ಕೈಬರಹವಾಗಿರಬಹುದು. ಅವನಿಗೆ ಎಟುಕದಿರುವುದು ಬ್ರೌಸರಿನ ಅಂಚಿನಲ್ಲಿರುವ ನಿಜವಾದ ವಿಳಾಸಪಟ್ಟಿ ಮಾತ್ರ. ಆದಕಾರಣ ಗುಂಡಿಯನ್ನು ಒತ್ತುವ ಮುನ್ನ ದೃಷ್ಟಿಯು ಅಲ್ಲಿಗೆ ಹೋಗತಕ್ಕದ್ದು.

ಆದರೆ ಪುಟದ ಮೇಲೆ ಗೂಗಲ್ಲಿನದೋ ಮತ್ತೊಂದರದೋ ಎಂಬಂತೆ ಪುಟ್ಟ ಲಾಗಿನ್ ಕಿಟಕಿ ಮೂಡಿ, ಅದರೊಳಗೂ ಒಂದು ವಿಳಾಸ ತೋರಿದರೆ? ಕಂಪ್ಯೂಟರಿನಲ್ಲಾದರೆ, ಆ ಕಿಟಕಿಯ ತಲೆಯನ್ನು ಮೌಸಿನಿಂದ ಹಿಡಿದು ಬ್ರೌಸರಿನ ಅಂಚಿನಾಚೆಗೆ ಎಳೆಯಿರಿ. ನಿಜವಾದ ಕಿಟಕಿಯು ಹೊರಬರುತ್ತದೆ, ಚಿತ್ರಿಸಿದ ಕಿಟಕಿಯು ಅಂಚಿನಲ್ಲೇ ನಿಲ್ಲುತ್ತದೆ. ಪಾಸ್‌ವರ್ಡ್ ಮ್ಯಾನೇಜರು ಎಂದಿನಂತೆ ಗುಪ್ತಪದವನ್ನು ಸೂಚಿಸದೆ ಮೌನವಾಗಿದ್ದರೆ ಅದನ್ನೂ ಎಚ್ಚರಿಕೆಯೆಂದೇ ಭಾವಿಸಿ.

ಇನ್ನು, ‘ನಿಮ್ಮ ಗಣಕವನ್ನು ಪೊಲೀಸರು ನಿರ್ಬಂಧಿಸಿದ್ದಾರೆ, ದಂಡ ತೆರಿ’ ಎಂದು ಪರದೆಯನ್ನೆಲ್ಲ ವ್ಯಾಪಿಸುವ ಪದರವು ಮನೆಯ ಹಿರಿಯರನ್ನು ಭೀತಿಗೊಳಿಸುವುದನ್ನು ಕಂಡು ನನಗೆ ವ್ಯಥೆಯಾಗುತ್ತದೆ. ಇದು ಕೇವಲ ಒಂದು ಜಾಲಪುಟ. ಅಲ್ಲಿರುವ ಸಂಖ್ಯೆಗೆ ಕರೆಮಾಡದೆ, ಎಸ್ಕೇಪ್ ಕೀಲಿಯನ್ನು ಕೆಲವು ಕ್ಷಣ ಒತ್ತಿಹಿಡಿಯಿರಿ. ಬಗ್ಗದಿದ್ದರೆ ಆಲ್ಟ್ ಮತ್ತು ಎಫ್4 ಕೀಲಿಗಳನ್ನು ಒಟ್ಟಿಗೆ ಒತ್ತಿ ಬ್ರೌಸರನ್ನೇ ಮುಚ್ಚಿರಿ. ಮರಳಿ ತೆರೆದಾಗ ಹಳೆಯ ಪುಟಗಳನ್ನು ಮತ್ತೆ ತರಲೇ ಎಂದು ಅದು ಕೇಳಿದರೆ ಬೇಡವೆನ್ನಿ. ಫೋನಿನಲ್ಲಿ ಟ್ಯಾಬುಗಳ ಪಟ್ಟಿಗೆ ಹೋಗಿ ಆ ಟ್ಯಾಬನ್ನು ತೆಗೆದುಹಾಕಿದರೆ ಸಾಕು.

‘ನೀವು ರೋಬಾಟ್ ಅಲ್ಲವೆಂದು ತೋರಿಸಲು ಅಲೌ ಒತ್ತಿ’ ಎಂಬ ಕೋರಿಕೆಯು ವಸ್ತುತಃ ನೋಟಿಫಿಕೇಶನ್ ಕಳುಹಿಸಲು ಪಡೆಯುವ ಅನುಮತಿ. ಈಗಾಗಲೇ ಒತ್ತಿದ್ದರೆ, ಬ್ರೌಸರಿನ ಸೈಟ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ಸ್ ವಿಭಾಗವನ್ನು ತೆರೆದು, ಪರಿಚಯವಿಲ್ಲದ ತಾಣಗಳನ್ನೆಲ್ಲ ಅಳಿಸಿರಿ. ಆಂಡ್ರಾಯ್ಡ್ ಫೋನುಳ್ಳವರು ‘ಡಿಸ್‌ಪ್ಲೇ ಓವರ್ ಅದರ್ ಆ್ಯಪ್ಸ್’ ಎಂಬ ಅನುಮತಿಯು ಯಾವ ಯಾವ ಆ್ಯಪಿಗೆ ದೊರೆತಿದೆಯೆಂಬುದನ್ನೂ ಪರಿಶೀಲಿಸಿ, ಅನಗತ್ಯವಾದುದನ್ನು ಹಿಂತೆಗೆದುಕೊಳ್ಳಬೇಕು. ಬ್ಯಾಂಕಿನ ಆ್ಯಪಿನ ಮೇಲೆಯೇ ನಕಲಿ ಪರದೆಯನ್ನು ಹಾಸಬಲ್ಲ ಅನುಮತಿಯದು.

ಗುಪ್ತಪದವನ್ನು ಕೊಟ್ಟುಬಿಟ್ಟಿದ್ದರೆ ನಾಚದೆ, ತಡಮಾಡದೆ, ತಾಣದ ವಿಳಾಸವನ್ನು ನೀವೇ ಬೆರಳಚ್ಚಿಸಿ ಒಳಹೊಕ್ಕು ಅದನ್ನು ಬದಲಾಯಿಸಿ, ಉಳಿದ ಸಾಧನಗಳಿಂದ ಲಾಗ್ಔಟ್ ಆಗಿರಿ. ಹಣ ಹೋಗಿದ್ದರೆ ಬ್ಯಾಂಕಿಗೂ 1930 ಎಂಬ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿಗೂ ಕೂಡಲೇ ಕರೆಮಾಡಿರಿ. ಹಣವು ಮುಂದಿನ ಖಾತೆಗಳಿಗೆ ಹರಿದುಹೋಗುವ ಮುನ್ನ ತಡೆಹಿಡಿಯುವ ಸಾಧ್ಯತೆ ಆ ಮೊದಲ ಗಂಟೆಗಳಲ್ಲೇ ಅಧಿಕ.