ಎರಡೆಲೆ, ಒಂದು ಮೊಗ್ಗು: ಓದಿನ ಐದು ಬಾಗಿಲುಗಳು

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಹಳೆಯ ವಿದ್ಯಾರ್ಥಿಗಳು ಕೇಳಿದಾಗ, ನೆನಪುಗಳಿಗಿಂತ ಒಂದು ಪಾಠವನ್ನೇ ಬರೆಯುವುದು ಉಚಿತವೆಂದು ನನಗೆ ತೋರಿತು. ಇದು ನಾನು ಶಾಲೆಯಲ್ಲಿದ್ದಾಗಲೇ ಹೇಳಬೇಕಾಗಿದ್ದು, ಹೇಳದೆ ಉಳಿದುಹೋದ ಪಾಠ.

ಓದುಗರ ಅಭಿರುಚಿ ನಾನಾ ಬಗೆಯದು. ಒಬ್ಬರಿಗೆ ಕಥೆ ಕಾದಂಬರಿ ಪ್ರಿಯ, ಇನ್ನೊಬ್ಬರಿಗೆ ಇತಿಹಾಸ, ಮತ್ತೊಬ್ಬರಿಗೆ ಯಂತ್ರಗಳ ವಿಷಯ. ವ್ಯಾಪಾರಸ್ಥರು ಪತ್ರಿಕೆಯಲ್ಲಿ ಮೊದಲು ನೋಡುವುದು ಧಾರಣೆಯ ಪುಟವನ್ನು. ಇವೆಲ್ಲ ಒಂದಕ್ಕೊಂದು ಸಂಬಂಧವಿಲ್ಲದ ಬೇರೆ ಬೇರೆ ಕೋಣೆಗಳೆಂದು ನಾವು ಭಾವಿಸುತ್ತೇವೆ. ಕನ್ನಡ ಮೇಷ್ಟ್ರಿಗೆ ಕಾವ್ಯ ವ್ಯಾಕರಣಗಳು ಸಾಕು, ಉಳಿದುದು ಇತರರ ಪಾಲು ಎಂದು ನಾನೂ ನಂಬಿದ್ದೆ.

ಆ ನಂಬಿಕೆ ಕಳಚಿದ್ದು 1999ರ ಸುಮಾರಿಗೆ. ನೀಲಗಿರಿಯಲ್ಲಿ ಹಸಿರೆಲೆಯ ಬೆಲೆ ಕುಸಿದು ಸಣ್ಣ ಬೆಳೆಗಾರರು ಕಂಗಾಲಾಗಿದ್ದ ಕಾಲವದು. ಒಂದು ಸಂಜೆ ವಿದ್ಯಾರ್ಥಿಯೊಬ್ಬನ ತಂದೆ ಶಾಲೆಯ ಜಗುಲಿಗೆ ಬಂದು ಕುಳಿತರು. ಕೂಲಿ ಕೊಡಲು ಕೈಯಲ್ಲಿ ಹಣವಿಲ್ಲ, ಮಗನನ್ನು ಶಾಲೆ ಬಿಡಿಸಿ ತೋಟಕ್ಕೆ ಹಚ್ಚುತ್ತೇನೆ ಎಂದರು. ಹೊರಡುವಾಗ, “ಮೇಷ್ಟ್ರೇ, ನೀವು ಇಷ್ಟೊಂದು ಪುಸ್ತಕ ಓದಿದ್ದೀರಿ. ಅದೇ ಗಿಡ, ಅದೇ ಎಲೆ. ಬೆಲೆ ಮಾತ್ರ ಯಾಕೆ ಬಿತ್ತು, ಹೇಳಿ” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. “ಎಲ್ಲ ಕಾಲದ ಮಹಿಮೆ” ಎಂದು ಹೇಳಿ ಕಳುಹಿಸಿದೆ. ಮರುವಾರದಿಂದ ಹುಡುಗ ಬರಲಿಲ್ಲ.

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದವನಿಗೆ, ಎರಡೆಲೆ ಒಂದು ಮೊಗ್ಗಿನ ಚಿಗುರಿಗೆ ಐದು ಬಾಗಿಲುಗಳಿವೆಯೆಂದು ತಿಳಿಯಿತು.

ಮೊದಲನೆಯದು ವ್ಯಾಪಾರ. ನಮ್ಮ ಚಹಾ ಮಾರಾಟವಾಗುವ ಪ್ರಮುಖ ಸ್ಥಳ ಕೂನೂರು. ಅಲ್ಲಿ 1963ರಿಂದ ಹರಾಜು ನಡೆಯುತ್ತಿದೆ. ಅಲ್ಲಿ ಚಹಾಪುಡಿಗೆ ಸಿಗುವ ದರವೇ ನಮ್ಮ ಹಸಿರೆಲೆಯ ದರಕ್ಕೆ ಆಧಾರ. ದಕ್ಷಿಣ ಭಾರತದ ಚಹಾಕ್ಕೆ ಸೋವಿಯತ್ ಒಕ್ಕೂಟವು ಬಹು ದೊಡ್ಡ ಗಿರಾಕಿಯಾಗಿತ್ತು. 1991ರ ಡಿಸೆಂಬರಿನಲ್ಲಿ ಆ ಒಕ್ಕೂಟ ಒಡೆಯಿತು. 1998ರ ಆಗಸ್ಟಿನಲ್ಲಿ ರಷ್ಯಾದ ನಾಣ್ಯವಾದ ರೂಬಲ್ಲಿನ ಬೆಲೆಯೂ ಕುಸಿಯಿತು. ಇತರ ದೇಶಗಳ ಚಹಾ ಪೈಪೋಟಿಗೆ ನಿಂತಿತು. ಮಾಸ್ಕೋದಲ್ಲಿ ಕೊಳ್ಳುವವನ ಕೈ ಕಟ್ಟಿದರೆ ಕೀಳ್ ಕೋತಗಿರಿಯಲ್ಲಿ ಒಬ್ಬ ಹುಡುಗನ ಓದು ನಿಲ್ಲಬಹುದೆಂದು ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ.

ಎರಡನೆಯದು ತಂತ್ರಜ್ಞಾನ. ಹಸಿ ಎಲೆಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರು. ಆದುದರಿಂದ ಒಂದು ಕಿಲೋ ಚಹಾಪುಡಿಗೆ ಸುಮಾರು ನಾಲ್ಕೂವರೆ ಕಿಲೋ ಎಲೆ ಬೇಕು. ಕಾರ್ಖಾನೆಯಲ್ಲಿ ಎಲೆಯನ್ನು ಬಾಡಿಸಿ, ಹೊಸೆದು ಅಥವಾ ಸಿ.ಟಿ.ಸಿ. ಯಂತ್ರದಲ್ಲಿ ಜಜ್ಜಿ, ಹರಿದು, ಸುರುಳಿಮಾಡಿ, ಗಾಳಿಗೆ ಹರಡುತ್ತಾರೆ. ಆಗ ಎಲೆ ಕೆಂಪಾಗುತ್ತದೆ. ಇದನ್ನು ಹುದುಗುವಿಕೆಯೆಂದು ಕರೆಯುವ ವಾಡಿಕೆಯಿದ್ದರೂ ಇದು ದೋಸೆಹಿಟ್ಟು ಹುದುಗುವಂಥ ಕ್ರಿಯೆಯಲ್ಲ. ಕತ್ತರಿಸಿಟ್ಟ ಬದನೆಕಾಯಿ ಕಪ್ಪಾಗುವಂತೆ, ಎಲೆಯ ರಸವು ಗಾಳಿಯ ಆಮ್ಲಜನಕದೊಡನೆ ಕೂಡುವ ಕ್ರಿಯೆ. ಬಳಿಕ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಎಳೆಯ ಚಿಗುರಿನಲ್ಲಿ ಈ ರಸದ್ರವ್ಯಗಳು ಹೆಚ್ಚು, ಬಲಿತ ಎಲೆಯಲ್ಲಿ ನಾರು ಹೆಚ್ಚು. ತೂಕದ ಆಸೆಗೆ ಬಲಿತ ಎಲೆಯನ್ನೂ ಸೇರಿಸಿದರೆ ಹರಾಜಿನಲ್ಲಿ ದರ ಇಳಿಯುವುದು ಸಹಜ. ಬೆಲೆ ಬೀಳಲು ದೂರದ ಕಾರಣಗಳಂತೆಯೇ ನಮ್ಮ ಬುಟ್ಟಿಯೊಳಗಿನ ಕಾರಣವೂ ಇರಬಹುದು.

ಮೂರನೆಯದು ಇತಿಹಾಸ. ಚಹಾ ಈ ಬೆಟ್ಟದಲ್ಲಿ ಅನಾದಿಯಿಂದ ಇದ್ದುದಲ್ಲ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನ ವಿಜಯವನ್ನು ಹೇಳುವ, 1117ರ ಚಾಮರಾಜನಗರದ ಶಾಸನದಲ್ಲಿ ತೋಡರ ಹೆಸರೂ ನೀಲಗಿರಿಯ ಹೆಸರೂ ಇವೆ. ಅಂದು ಇಲ್ಲಿ ಚಹಾದ ಸುದ್ದಿಯೇ ಇಲ್ಲ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಬೆಟ್ಟವೇರಿದ್ದು 1819ರಲ್ಲಿ. ಕೋತಗಿರಿಯ ಸಮೀಪ ಕನ್ನೇರಿಮುಕ್ಕಿನಲ್ಲಿ ಅವನ ಬಂಗಲೆ ಇಂದೂ ಇದೆ. 1830ರ ದಶಕದಲ್ಲಿ ಕೇತಿಯ ಸರಕಾರಿ ತೋಟದಲ್ಲಿ ಚಹಾ ಗಿಡದ ಪ್ರಯೋಗ ನಡೆಯಿತು. ವ್ಯಾಪಾರದ ತೋಟಗಳು ತಲೆಯೆತ್ತಿದ್ದು 1860ರ ದಶಕದಲ್ಲಿ. ಸಣ್ಣ ರೈತರು ದೊಡ್ಡ ಸಂಖ್ಯೆಯಲ್ಲಿ ಚಹಾಕ್ಕೆ ತಿರುಗಿದ್ದು ಸ್ವಾತಂತ್ರ್ಯಾನಂತರದ ಮಾತು. ಅದಕ್ಕೆ ಮುನ್ನ ಈ ಇಳಿಜಾರುಗಳಲ್ಲಿ ರಾಗಿ, ಸಾಮೆ, ಗೋಧಿ, ಆಲೂಗಡ್ಡೆ ಬೆಳೆಯುತ್ತಿದ್ದವು. ಹಿರಿಯರು ಹಲವು ಬೆಳೆಗಳನ್ನು ನಂಬಿದ್ದರು, ನಾವು ಒಂದೇ ಎಲೆಯನ್ನು ನಂಬಿದೆವು.

ನಾಲ್ಕನೆಯದು ಸಂಸ್ಕೃತಿ. ಹಿಂದೆ ಈ ಬೆಟ್ಟದಲ್ಲಿ ಹಣವಿಲ್ಲದೆಯೂ ವ್ಯವಹಾರ ನಡೆಯುತ್ತಿತ್ತು. ಬಡಗರು ಧಾನ್ಯ ಕೊಟ್ಟರೆ, ತೋಡರು ಹಾಲು ತುಪ್ಪ, ಕೋತರು ಕಬ್ಬಿಣದ ಹತ್ಯಾರು, ಮಡಕೆ ಮತ್ತು ವಾದ್ಯಸಂಗೀತ, ಕುರುಂಬರು ಕಾಡಿನ ಜೇನು ಕೊಡುತ್ತಿದ್ದರು. ನಮ್ಮ ಊರಿನ ಹೆಸರಿನಲ್ಲಿರುವುದು ಆ ಕೋತರೇ. ಕೊಡುವವನೂ ಕೊಳ್ಳುವವನೂ ಒಬ್ಬರ ಮನೆಯನ್ನೊಬ್ಬರು ಬಲ್ಲವರಾಗಿದ್ದರು. ಹರಾಜಿನಲ್ಲಿ ಆ ಪರಿಚಯವಿಲ್ಲ. ಬಡಗ ನುಡಿಯನ್ನು ವಿದ್ವಾಂಸರು ಈಗ ಸ್ವತಂತ್ರ ಭಾಷೆಯೆಂದೇ ಎಣಿಸುತ್ತಾರೆ. ಆದರೂ ಹೆತ್ತೆ ಹಬ್ಬದ ದಿನ ಬೇರಗಣಿಯಲ್ಲಿ ನಿಂತು ಕೇಳಿದರೆ ಕನ್ನಡಿಗನ ಕಿವಿಗೆ ಪರಿಚಿತ ಶಬ್ದಗಳು ಬೀಳದಿರವು.

ಐದನೆಯದು ಪುಸ್ತಕ. ಇಷ್ಟೆಲ್ಲ ಕನ್ನಡದಲ್ಲಿ ಓದಲು ಸಾಧ್ಯವೇ ಎಂದು ಕೇಳುವವರುಂಟು. ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ಮಕ್ಕಳಿಗಾಗಿ “ಬಾಲಪ್ರಪಂಚ”ದ ಸಂಪುಟಗಳನ್ನು ರಚಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಬೋಧಿಸಿದ ಬಿ.ಜಿ.ಎಲ್. ಸ್ವಾಮಿಯವರು ಕಾಡಿನ ಗಿಡಮರಗಳನ್ನು ಕುರಿತು ನಗೆಯುಕ್ಕಿಸುವಂತೆ ಬರೆದ “ಹಸುರು ಹೊನ್ನು” 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ತಮಿಳುನಾಡಿನಲ್ಲಿದ್ದುಕೊಂಡೇ ವಿಜ್ಞಾನವನ್ನು ಕನ್ನಡದಲ್ಲಿ ಬರೆಯಬಹುದಾದರೆ, ಇಲ್ಲಿದ್ದುಕೊಂಡು ನಾವು ಓದಲಾರೆವೇ? ಕಾದಂಬರಿಯನ್ನೂ ಕಡೆಗಣಿಸಬೇಕಾಗಿಲ್ಲ. ಮುಲ್ಕ್ ರಾಜ್ ಆನಂದರು 1937ರಲ್ಲಿ ಅಸ್ಸಾಮಿನ ಚಹಾತೋಟದ ಕೂಲಿಯವರನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಕಾದಂಬರಿಯ ಹೆಸರೇ ಎರಡೆಲೆ ಒಂದು ಮೊಗ್ಗು ಎಂದು. ಧಾರಣೆಯ ಪಟ್ಟಿಯಲ್ಲಿ ಬಾರದ ದುಃಖವನ್ನು ಕಥೆಯಲ್ಲದೆ ಇನ್ನಾವುದು ಹೇಳೀತು?

“ದೇಶ ಸುತ್ತು, ಕೋಶ ಓದು” ಎಂಬುದು ನಮ್ಮ ಹಿರಿಯರ ಮಾತು. ಅದಕ್ಕೆ ನಾನು ಸೇರಿಸುವುದಿಷ್ಟೆ: ಕೈಯಲ್ಲಿರುವ ವಸ್ತುವಿನಿಂದಲೇ ಓದನ್ನು ಆರಂಭಿಸಿರಿ. ಮನೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಉಪ್ಪು, ಕಂಬಳಿ, ರಾಗಿ, ಯಾವುದಾದರೊಂದನ್ನು ಮುಂದಿಟ್ಟು ಐದು ಪ್ರಶ್ನೆ ಕೇಳಿರಿ. ಇದು ಎಲ್ಲಿಂದ ಬಂತು? ಹೇಗೆ ಆಯಿತು? ಯಾರು ಮಾರಿದರು, ಯಾರು ಕೊಂಡರು? ಇದರ ಸುತ್ತ ಯಾವ ಆಚಾರ ಬೆಳೆಯಿತು? ಯಾರು ಇದನ್ನು ಕುರಿತು ಬರೆದಿದ್ದಾರೆ? ಗೊತ್ತಿಲ್ಲದುದನ್ನು ಗೊತ್ತಿಲ್ಲವೆಂದು ಒಪ್ಪಿ, ಮಕ್ಕಳೊಡನೆ ಕೂಡಿ ಹುಡುಕಿರಿ. “ಕಾಲದ ಮಹಿಮೆ” ಎಂದು ಮಾತ್ರ ಹೇಳಿ ಕಳುಹಿಸಬೇಡಿ.

ಅಂದು ಶಾಲೆ ಬಿಟ್ಟ ಹುಡುಗ ಇಂದು ಆ ತೋಟದ ಯಜಮಾನ. ಈ ಸಂಚಿಕೆ ಅವನ ಕೈಗೂ ತಲುಪುತ್ತದೆ. ಅವನ ತಂದೆಗೆ ನಾನು ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆದಿದ್ದೇನೆ. ತಡವಾದುದಕ್ಕೆ ಅವನು ತನ್ನ ಮೇಷ್ಟ್ರನ್ನು ಕ್ಷಮಿಸಲಿ, ತನ್ನ ಮಕ್ಕಳಿಗೆ ಇದನ್ನು ಓದಿ ಹೇಳಲಿ.