ಕರೆ ಬರದ ದಿನದ ಸಂಬಳ

ಪ್ರೀತಿಯ ತಮ್ಮನಿಗೆ,

ಕಾಲೇಜಿನ ಲ್ಯಾಬ್ ಕೆಲಸ ಬಿಟ್ಟು, ಸಂಜೆಹೊತ್ತು ಮತ್ತು ಭಾನುವಾರ ಮಾಡುತ್ತಿರುವ ಕಂಪ್ಯೂಟರ್ ಸರ್ವಿಸನ್ನೇ ಪೂರ್ತಿ ಹೊತ್ತಿನ ಉದ್ಯೋಗ ಮಾಡಿಕೊಳ್ಳಲೇ ಎಂದು ಕೇಳಿದ್ದೀಯ. ಮಾಡಿಕೊ. ಶಿವಮೊಗ್ಗದಂಥ ಊರಿಗೆ ನಿನ್ನಂಥವರು ಬೇಕು. ಆದರೆ ರಾಜೀನಾಮೆಯನ್ನು ಈ ತಿಂಗಳೇ ಕೊಡಬೇಡ. ಯಾಕೆ ಅಂತ ಬಿಡಿಸಿ ಬರೆಯುತ್ತೇನೆ. ಇದೇ ಯೋಚನೆಯಲ್ಲಿರುವ ಬೇರೆ ಹುಡುಗ ಹುಡುಗಿಯರೂ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಈಗ ನಿನಗೆ ದುಡ್ಡು ಬರುವುದು ಯಾರದಾದರೂ ಮಷೀನು ಕೆಟ್ಟಾಗ. ಎಸ್‌ಎಂಪಿಎಸ್ ಸುಟ್ಟಿತು, ವಿಂಡೋಸ್ ಆನ್ ಆಗುತ್ತಿಲ್ಲ ಎಂದು ಫೋನ್ ಬರುತ್ತದೆ. ಹೋಗಿ ಸರಿ ಮಾಡುತ್ತೀಯ, ಕೊಟ್ಟಷ್ಟು ತೆಗೆದುಕೊಂಡು ಬರುತ್ತೀಯ. ಸಂಬಳದ ಜೊತೆಗೆ ಬರುವ ಮೇಲಾದಾಯವಾಗಿ ಅದು ಚೆನ್ನ. ಸಂಸಾರವೇ ಅದರ ಮೇಲೆ ನಡೆಯಬೇಕಾದಾಗ ಕಷ್ಟ ಶುರುವಾಗುತ್ತದೆ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಮೋಡೆಮ್, ನೆಟ್‌ವರ್ಕ್ ಪೋರ್ಟ್, ಸಿಸಿಟಿವಿಯ ಡಿವಿಆರ್ ಎಲ್ಲ ಒಟ್ಟಿಗೇ ಹೋಗುವಾಗ ನಿನಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ಮತ್ತೊಂದು ತಿಂಗಳು ಫೋನೇ ಬರುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಕೆಲಸ ಅಚ್ಚುಕಟ್ಟಾಗಿ ಮಾಡಿದಷ್ಟೂ ಆ ಗಿರಾಕಿ ನಿನ್ನನ್ನು ಮತ್ತೆ ಕರೆಯುವುದು ತಡವಾಗುತ್ತದೆ. ಚೆನ್ನಾಗಿ ದುಡಿದವನಿಗೇ ಆದಾಯ ಕಡಿಮೆ ಮಾಡುವ ಈ ಲೆಕ್ಕದ ಮೇಲೆ ಉದ್ಯಮ ನಿಲ್ಲದು. ಕರೆ ಬರದ ದಿನಕ್ಕೂ ಹಣ ಕೊಡುವ ಗಿರಾಕಿಗಳು ನಿನಗೆ ಬೇಕು. ಅಂದರೆ ಎಎಂಸಿ, ವಾರ್ಷಿಕ ನಿರ್ವಹಣೆಯ ಒಪ್ಪಂದ.

ಮನೆಮನೆಯ ಲ್ಯಾಪ್‌ಟಾಪ್‌ಗಳಿಂದ ಅದು ಬಾರದು. ಮಷೀನು ಅರ್ಧ ದಿನ ನಿಂತರೆ ವ್ಯವಹಾರವೇ ನಿಲ್ಲುವ ಜಾಗಗಳಿಗೆ ಹೋಗು: ಟ್ಯಾಲಿಯಲ್ಲಿ ಲೆಕ್ಕ ಇಡುವ ಅಡಿಕೆ ಮಂಡಿ, ಆಡಿಟರ್ ಕಚೇರಿ, ನರ್ಸಿಂಗ್ ಹೋಂ, ಪತ್ತಿನ ಸಹಕಾರ ಸಂಘ. ಸ್ಪೇರ್ ಬಿಟ್ಟು ಬರೀ ದುಡಿಮೆಗೆ ಒಂದು ಕಂಪ್ಯೂಟರಿಗೆ ವರ್ಷಕ್ಕೆ 2,000 ರೂಪಾಯಿ ಎಂದುಕೊಳ್ಳೋಣ. ನೂರು ಕಂಪ್ಯೂಟರು ಕೈಗೆ ಬಂದರೆ ವರ್ಷಕ್ಕೆ 2 ಲಕ್ಷ, ತಿಂಗಳಿಗೆ ಹದಿನಾರು ಸಾವಿರ ಚಿಲ್ಲರೆ. ಮನೆ ಬಾಡಿಗೆ, ರೇಷನ್, ಮಕ್ಕಳ ಫೀಸು ಇಂಥ ಆದಾಯದಿಂದಲೇ ಸಾಗುವಂತಾದ ಮೇಲೆ, ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿ ಬೇರೆಯಾಗಿ ಕೂತ ಮೇಲೆ, ಕೆಲಸ ಬಿಡು. ಬಿಟ್ಟಾಗ ಪಿಎಫ್ ಹಣಕ್ಕೆ ಮಾತ್ರ ಕೈ ಹಾಕಬೇಡ. ಮನೆಯವರೆಲ್ಲರಿಗೂ ಆರೋಗ್ಯ ವಿಮೆಯನ್ನು ಕೆಲಸ ಬಿಡುವ ಮೊದಲೇ ಮಾಡಿಸು.

ಎಎಂಸಿ ಎಂದರೆ ತಿಂಗಳಿಗೊಮ್ಮೆ ಹೋಗಿ ಧೂಳು ಹೊಡೆದು ಸಹಿ ಹಾಕಿಸಿಕೊಂಡು ಬರುವುದು ಎಂದು ಎಷ್ಟೋ ಜನ ತಿಳಿದಿದ್ದಾರೆ. ನೀನು ಹಾಗೆ ಮಾಡಬೇಡ. ಗಿರಾಕಿಗೆ ನೀನು ಮಾರುತ್ತಿರುವುದು ನಿಶ್ಚಿಂತೆ, ಅದರ ತಿರುಳು ಬ್ಯಾಕಪ್. ಟ್ಯಾಲಿಯ ಡೇಟಾವನ್ನು ಅದೇ ಕಂಪ್ಯೂಟರಿನ ಡಿ ಡ್ರೈವಿಗೆ ಕಾಪಿ ಮಾಡಿಟ್ಟು ಬ್ಯಾಕಪ್ ಇದೆ ಎಂದು ನಂಬಿರುವ ಅಂಗಡಿಗಳು ಬೇಕಾದಷ್ಟಿವೆ. ಹಾರ್ಡ್ ಡಿಸ್ಕ್ ಹೋದ ದಿನ ಎರಡೂ ಒಟ್ಟಿಗೇ ಹೋಗುತ್ತವೆ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಕಂಪ್ಯೂಟರುಗಳನ್ನು ಒತ್ತೆ ಹಿಡಿದ ವಾನ್ನಾಕ್ರೈನಂಥ ದಾಳಿ ನಡೆದರೆ ಸದಾ ಚುಚ್ಚಿಟ್ಟ ಪೆನ್ ಡ್ರೈವ್ ಕೂಡ ಉಳಿಯುವುದಿಲ್ಲ. ಮೂರು ಪ್ರತಿ ಇರಬೇಕು, ಎರಡು ಬೇರೆ ಬೇರೆ ಸಾಧನದಲ್ಲಿರಬೇಕು, ಒಂದಾದರೂ ಆ ಕಟ್ಟಡದ ಹೊರಗಿರಬೇಕು. ಆ ಪ್ರತಿಯನ್ನು ಆಗಾಗ ಬೇರೊಂದು ಮಷೀನಿನಲ್ಲಿ ತೆರೆದು ನೋಡು. ತೆರೆದು ನೋಡದ ಬ್ಯಾಕಪ್ಪನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆಡಿಟರ್ ಕಚೇರಿಯ ಸರ್ವಿಸನ್ನು ಜುಲೈ ತಿಂಗಳ ರಿಟರ್ನ್ ಗದ್ದಲಕ್ಕೆ ಮೊದಲು, ಮಂಡಿಯದ್ದನ್ನು ಕೊಯ್ಲು ಶುರುವಾಗುವ ಮೊದಲು ಮುಗಿಸಿಬಿಡು.

ಊರಿನವನಿಗೆ ಮಾತ್ರ ಗೊತ್ತಿರುವ ಸಂಗತಿಗಳೂ ಇವೆ, ಅವು ನಿನ್ನ ಬಲ. ಡಿಟಿಪಿ ಅಂಗಡಿಯವರು ಹಳೆಯ ಮಷೀನು ಬದಲಿಸಿದಾಗ ವರ್ಷಗಟ್ಟಲೆಯ ಕೆಲಸ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಹಳೆಯ ನುಡಿ ಫಾಂಟು ಯೂನಿಕೋಡ್ ಅಲ್ಲ, ಫಾಂಟಿಲ್ಲದ ಕಡೆ ಅದು ಹಾಗೆಯೇ ಕಾಣುವುದು ಎಂದು ತಿಳಿದು, ಫೈಲುಗಳನ್ನು ಯೂನಿಕೋಡಿಗೆ ತಂದುಕೊಡುವವನನ್ನು ಅವರು ಬಿಟ್ಟುಕೊಡುವುದಿಲ್ಲ. ದೂರದ ಕಾಲ್ ಸೆಂಟರಿನಿಂದ ಈ ಕೆಲಸ ಆಗದು.

ಈಗ ನಿನ್ನ ಪ್ರಾಮಾಣಿಕತೆಗೆ ಪರೀಕ್ಷೆಯ ಕಾಲವೂ ಹೌದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ, ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೇ ಅಥವಾ ಅದಕ್ಕಿಂತ ಹೊಸ ತಲೆಮಾರಿನ ಪ್ರೊಸೆಸರು. ಚೆನ್ನಾಗಿ ನಡೆಯುತ್ತಿರುವ ಎಷ್ಟೋ ಮಷೀನುಗಳಲ್ಲಿ ಅವು ಇಲ್ಲ. ಎಲ್ಲ ಎಸೆದು ಹೊಸದು ತನ್ನಿ ಎನ್ನುವುದು ಸುಲಭ, ಕಮಿಷನ್ನೂ ಸಿಗುತ್ತದೆ. ನೀನು ಒಂದೊಂದನ್ನೂ ಕೂತು ನೋಡು. ಬರೀ ಬ್ರೌಸರ್ ಸಾಕಾಗುವ ಕೌಂಟರಿಗೆ ಒಂದು ಎಸ್‌ಎಸ್‌ಡಿ, ಒಂದು ಲಿನಕ್ಸ್ ಹಾಕಿದರೆ ಇನ್ನೂ ಕೆಲವು ವರ್ಷ ಬರುತ್ತದೆ. ಟ್ಯಾಲಿ ನಡೆಯುವ ಮಷೀನಿಗೆ ವಿಂಡೋಸೇ ಬೇಕು, ಅಲ್ಲಿ ಹೊಸದಕ್ಕೇ ಹೇಳು. ಕ್ರ್ಯಾಕ್ ಹಾಕಿಕೊಡು ಎಂದವರಿಗೆ ಆಗುವುದಿಲ್ಲ ಎನ್ನು. ನಕಲಿ ಸಾಫ್ಟ್‌ವೇರನ್ನು ತಿಳಿದೂ ಬಳಸಿದವರಿಗೆ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆವಾಸ ವಿಧಿಸಲು ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅವಕಾಶವಿದೆ. ಬೋರ್ಡು ಹಾಕಿ ಕೂತ ಮೇಲೆ ಅದನ್ನು ಹಾಕಿಕೊಟ್ಟ ಹೊಣೆ ನಿನ್ನ ಮೇಲೂ ಬರುತ್ತದೆ.

ತೆರಿಗೆಯ ವಿಚಾರದಲ್ಲಿ ಒಂದನ್ನು ಚೆನ್ನಾಗಿ ಗಮನಿಸು. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಆಧಾರದ ಮೇಲೆ ನೋಟಿಸು ಕಳಿಸಿ, ಬೆಂಗಳೂರಿನ ಸಣ್ಣ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಬೋರ್ಡು ಬಂದದ್ದು ನಿನಗೆ ನೆನಪಿದೆ. ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಬರೀ ಸರಕು ಮಾರುವವರಿಗಿರುವ 40 ಲಕ್ಷದ ಮಿತಿ ನಿನಗೆ ಅನ್ವಯಿಸದು. ಲೆಕ್ಕಕ್ಕೆ ಬರುವುದು ಲಾಭ ಅಲ್ಲ, ವಹಿವಾಟು. ಗಿರಾಕಿಗಾಗಿ 45,000ದ ಲ್ಯಾಪ್‌ಟಾಪು ತಿಂಗಳಿಗೆ ನಾಲ್ಕು ತರಿಸಿ ನಿನ್ನ ಖಾತೆಯಲ್ಲೇ ಹಣ ಪಡೆದೆ ಎನ್ನು. ನಿನಗೆ ಉಳಿದದ್ದು ಒಂದೊಂದರಲ್ಲಿ ಸಾವಿರ ಇದ್ದರೂ ವಹಿವಾಟು ವರ್ಷಕ್ಕೆ 21 ಲಕ್ಷ 60 ಸಾವಿರ. ಆದ್ದರಿಂದ ಮೊದಲ ದಿನಗಳಲ್ಲಿ ಗಿರಾಕಿಯೇ ತನ್ನ ಹೆಸರಿನಲ್ಲಿ ಕೊಳ್ಳಲಿ. ಆರಿಸಿಕೊಟ್ಟು ಜೋಡಿಸಿದ ಶ್ರಮಕ್ಕೆ ನೀನು ಬೇರೆ ಬಿಲ್ಲು ಕೊಡು. ವ್ಯವಹಾರಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ಇರಲಿ. ಮದುವೆಯ ಮುಯ್ಯಿ, ಅಪ್ಪ ಕಳಿಸಿದ ಹಣ ಅದರೊಳಗೆ ಬೆರೆಯಬಾರದು.

ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿಯನ್ನು ಇವತ್ತೇ ಮಾಡಿಕೊ. ಸರ್ಕಾರದ ಜಾಲತಾಣದಲ್ಲಿ ಆಧಾರ್, ಪ್ಯಾನ್ ಇದ್ದರೆ ಸಾಕು, ಶುಲ್ಕವಿಲ್ಲ. ದುಡ್ಡು ಕೇಳುವ ಮಧ್ಯವರ್ತಿಗಳ ಹತ್ತಿರ ಹೋಗಬೇಡ. 2006ರ ಎಂಎಸ್‌ಎಂಇ ಕಾಯ್ದೆಯಂತೆ ಗಿರಾಕಿ ನಿನ್ನ ಬಿಲ್ಲನ್ನು, ಬರಹದ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ತೀರಿಸಬೇಕು. ಆದಾಯ ತೆರಿಗೆ ಕಾಯ್ದೆಗೆ 2023ರಲ್ಲಿ ಸೇರಿದ ನಿಯಮದಿಂದ, ಗಡುವು ಮೀರಿ ಬಾಕಿ ಉಳಿಸಿಕೊಂಡವರು ಆ ಹಣ ಕೊಡುವ ತನಕ ಅದನ್ನು ಖರ್ಚೆಂದು ತೋರಿಸಲಾರರು. ಬಿಲ್ಲಿನ ತಲೆಯಲ್ಲಿ ಉದ್ಯಮ್ ಸಂಖ್ಯೆ ಅಚ್ಚು ಹಾಕಿಸು. ಮಿಕ್ಕದ್ದನ್ನು ಅವರ ಆಡಿಟರೇ ಅವರಿಗೆ ನೆನಪಿಸುತ್ತಾರೆ.

ಕಾನೂನಿಗೆ ಸಿಗದ ಉದ್ರಿ ಇನ್ನೊಂದಿದೆ. “ಸ್ವಲ್ಪ ನೋಡಿಕೊಡಪ್ಪ” ಎಂದು ಭಾವನ ಲ್ಯಾಪ್‌ಟಾಪು, ಮೇಷ್ಟ್ರ ಪ್ರಿಂಟರು ನಿನ್ನ ಮೇಜಿನ ಮೇಲೆ ಬರುತ್ತವೆ. ಸಂಬಳವಿದ್ದಾಗ ಅದು ಉಪಕಾರ, ಸಂಬಳ ನಿಂತ ಮೇಲೆ ಅದು ನಿನ್ನ ಮಕ್ಕಳ ಹೊತ್ತು. ಎಲ್ಲರಿಗೂ ಕಾಣುವಂತೆ ದರದ ಪಟ್ಟಿ ತೂಗುಹಾಕು. ರಿಯಾಯಿತಿ ಕೊಡಬೇಕೆನಿಸಿದರೆ ಪೂರ್ತಿ ದರ ಬರೆದು, ಕೆಳಗೆ ರಿಯಾಯಿತಿ ಬರೆದು ಕೊಡು. ನಿನ್ನ ಕೆಲಸಕ್ಕೆ ಬೆಲೆಯಿದೆ ಎಂದು ಅವರಿಗೂ ತಿಳಿಯಲಿ.

ಜಾಬ್ ಕಾರ್ಡು ಇಲ್ಲದೆ ಯಾವ ಮಷೀನನ್ನೂ ಒಳಗೆ ತೆಗೆದುಕೊಳ್ಳಬೇಡ. ಸೀರಿಯಲ್ ನಂಬರು, ಚಾರ್ಜರ್ ಕೊಟ್ಟಿದ್ದಾರೋ ಇಲ್ಲವೋ, ಮೈಮೇಲಿನ ಬಿರುಕು, ಡೇಟಾ ಉಳಿಸಬೇಕೋ ಬೇಡವೋ ಎಲ್ಲ ಬರೆದು ಸಹಿ ಹಾಕಿಸು. ಆ ಯಂತ್ರದೊಳಗೆ ಒಂದು ಮನೆಯ ಫೋಟೋ, ಬ್ಯಾಂಕಿನ ಕಾಗದ, ರೋಗಿಯ ವರದಿ ಎಲ್ಲ ಇರುತ್ತದೆ. ಕೆಲಸಕ್ಕೆ ಬೇಕಿಲ್ಲದ ಒಂದು ಫೋಲ್ಡರನ್ನೂ ನೀನು ತೆರೆಯಬೇಡ, ಮುಂದೆ ನಿನ್ನ ಕೈಕೆಳಗೆ ಸೇರುವ ಹುಡುಗನಿಗೂ ಮೊದಲ ದಿನವೇ ಹೇಳಿಕೊಡು. ನಮ್ಮ ಕಸುಬಿನಲ್ಲಿ ಎಲ್ಲಕ್ಕಿಂತ ಮೇಲೆ ನಾನು ಹಿಡಿಯುವುದು ಇದನ್ನೇ. ಎನಿಡೆಸ್ಕಿನಂಥದ್ದರಲ್ಲಿ ದೂರದಿಂದ ಕೆಲಸ ಮಾಡಿದರೆ ಮುಗಿದೊಡನೆ ಸಂಪರ್ಕ ಕಡಿದುಬಿಡು. ನೀವಾಗಿ ಕರೆಯದಿದ್ದಾಗ ಯಾರೇ ಇಂಥದ್ದನ್ನು ಹಾಕಿಕೊಳ್ಳಿ ಎಂದರೂ ಒಪ್ಪಬೇಡಿ, ಹಣ ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಎಂದು ಪ್ರತಿ ಗಿರಾಕಿಗೂ ತಿಳಿಸು.

ಮುದ್ರಾ ಸಾಲದ ಬಗ್ಗೆ ಕೇಳಿದ್ದೀಯ. ಶಿಶು ವರ್ಗದಲ್ಲಿ 50,000ದವರೆಗೆ ಅಡಮಾನವಿಲ್ಲದೆ ಕೊಡುತ್ತಾರೆ. ಉಪಕರಣಕ್ಕೆ, ಗಿರಾಕಿಯ ಮಷೀನು ರಿಪೇರಿಯಲ್ಲಿರುವಾಗ ಬದಲಿಗೆ ಕೊಡಲು ಎರಡು ಕಂಪ್ಯೂಟರಿಗೆ ತೆಗೆದುಕೊ; ಗಾಜಿನ ಬಾಗಿಲಿಗೆ, ಅಲಂಕಾರಕ್ಕೆ ಬೇಡ.

ಯುಗಾದಿಗೆ ಬರುವಾಗ ಮೊದಲ ಒಪ್ಪಂದದ ಕರಡು ತೆಗೆದುಕೊಂಡು ಬಾ. ಸ್ಪೇರು ಯಾರ ಖರ್ಚು, ಎಷ್ಟು ಗಂಟೆಯೊಳಗೆ ಬರುತ್ತೀಯ, ಸಿಡಿಲಿನ ಹಾನಿ ಒಳಗೋ ಹೊರಗೋ, ಭಾನುವಾರಕ್ಕೆ ಏನು ದರ ಎಂಬ ಸಾಲುಗಳನ್ನು ಕೂತು ತಿದ್ದೋಣ. ಅತ್ತಿಗೆ ನಿನ್ನ ಹೆಂಡತಿಯನ್ನೂ ಕರೆದುಕೊಂಡು ಬಾ ಎಂದಿದ್ದಾಳೆ. ಲೆಕ್ಕದ ಪುಸ್ತಕ ನೋಡಿಕೊಳ್ಳಲು ಅವಳಿಗೆ ಇಷ್ಟವಿದ್ದರೆ, ಆ ದುಡಿಮೆಗೂ ಸಂಬಳ ಬರೆದಿಡಬೇಕು, ಅದನ್ನೂ ಮಾತಾಡೋಣ.

ಇತಿ,
ನಿನ್ನ ಅಣ್ಣ