ಹೊಸಬರಿಗೆ ವಿಶ್ರಾಂತಿಯೋಗ

ಯೋಗಾಸನವೆಂದೊಡನೆ ದೇಹವನ್ನು ಬಿಲ್ಲಿನಂತೆ ಬಾಗಿಸುವ ಚಿತ್ರವೇ ನಮ್ಮ ಕಣ್ಣೆದುರು ನಿಲ್ಲುತ್ತದೆ. ವಿಶ್ರಾಂತಿಯೋಗದಲ್ಲಿ ಅಂತಹ ಶ್ರಮವಿಲ್ಲ. ದಿಂಬು, ಮಡಿಸಿದ ಕಂಬಳಿ, ಗೋಡೆ, ಕುರ್ಚಿ ಇವುಗಳ ಆಸರೆಯಲ್ಲಿ ದೇಹವನ್ನಿರಿಸಿ, ಒಂದೊಂದು ಭಂಗಿಯಲ್ಲಿಯೂ 5ರಿಂದ 15 ನಿಮಿಷ ಸುಮ್ಮನಿರುವುದೇ ಇಲ್ಲಿಯ ಸಾಧನೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದ ಬಿ. ಕೆ. ಎಸ್. ಅಯ್ಯಂಗಾರರು ಪುಣೆಯಲ್ಲಿ ರೋಗಿಗಳಿಗೂ ದುರ್ಬಲರಿಗೂ ಆಸನಗಳನ್ನು ಕಲಿಸುತ್ತ ಇಂತಹ ಆಸರೆಗಳ ಬಳಕೆಯನ್ನು ಬೆಳೆಸಿದರು.

ಆಸರೆ ಏಕೆ ಬೇಕು? ತೋಳು ನೆಲಕ್ಕೆ ತಾಗದಿದ್ದರೆ ಅದನ್ನು ಹಿಡಿದಿಡಲು ಹೆಗಲಿನ ಸ್ನಾಯುಗಳು ದುಡಿಯುತ್ತಲೇ ಇರಬೇಕು. ಕೆಳಗೆ ಕಂಬಳಿಯನ್ನಿಟ್ಟರೆ ಆ ಭಾರವನ್ನು ಕಂಬಳಿಯೇ ಹೊರುತ್ತದೆ.

ಇನ್ನು ಹೃದಯದ ಮಾತು. ನರಗಳ ಹತೋಟಿಯೇ ಇಲ್ಲದಿದ್ದರೆ ನಮ್ಮ ಹೃದಯವು ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ವಿರಾಮದಲ್ಲಿ ಅದು 70ರ ಸುಮಾರಿಗೆ ಇಳಿಯುವುದು ಮೆದುಳಿನಿಂದ ಹೊರಟ ವೇಗಸ್ ನರವು ಹಾಕಿದ ಕಡಿವಾಣದಿಂದ. ಉಸಿರನ್ನು ಒಳಕ್ಕೆಳೆಯುವಾಗ ಈ ಕಡಿವಾಣ ಸಡಿಲುತ್ತದೆ, ಹೊರಬಿಡುವಾಗ ಬಿಗಿಯುತ್ತದೆ. ಓದುಗರು ಮಣಿಕಟ್ಟಿನ ಮೇಲೆ ಬೆರಳಿಟ್ಟು, ನಿಧಾನವಾಗಿ ಉಸಿರಾಡಿ ಪರೀಕ್ಷಿಸಬಹುದು. ತರುಣರಲ್ಲಿ ಈ ಏರಿಳಿತವು ಹೆಚ್ಚು ಸ್ಪಷ್ಟ. ನೀಳವಾಗಿ ಉಸಿರು ಬಿಡಿರೆಂದು ಶಿಕ್ಷಕರು ಹೇಳುವುದರ ಗುಟ್ಟು ಇದೇ.

ಆದರೆ ಮೊದಲ ದಿನವೇ ಶಾಂತಿ ಲಭಿಸೀತೆಂದು ನಂಬಿದವರಿಗೆ ನಿರಾಸೆ ಕಾದಿದೆ. ದೇಹ ಸುಮ್ಮನಾದೊಡನೆ ಮನಸ್ಸು ಗದ್ದಲವೆಬ್ಬಿಸುತ್ತದೆ: ನಾಳಿನ ಪರೀಕ್ಷೆ, ಕಟ್ಟದ ಶುಲ್ಕ, ಗೆಳೆಯನಾಡಿದ ಮಾತು. ಮೂಗು ತುರಿಸುತ್ತದೆ, ಗಡಿಯಾರ ನಿಂತಂತೆ ತೋರುತ್ತದೆ. ಹೊರಗಿನ ಕೆಲಸವಿಲ್ಲದಾಗ ಮೆದುಳು ಹಳೆಯ ಕಡತಗಳನ್ನು ಬಿಚ್ಚಿಕೊಂಡು ಕೂರುವುದು ಅದರ ಸ್ವಭಾವ, ಸಾಧಕನ ಸೋಲಲ್ಲ. ಅನೇಕರು ಇಲ್ಲಿಯೇ "ಇದು ನಮ್ಮಿಂದಾಗದು" ಎಂದು ಎದ್ದುಬಿಡುತ್ತಾರೆ. ಹಾಗೆ ಏಳದೆ, ಗದ್ದಲವನ್ನು ಅದರ ಪಾಡಿಗೆ ಬಿಟ್ಟು ಮಲಗಿರುವುದೇ ಮೊದಲ ಪಾಠವೆಂಬುದು ನಮ್ಮ ಅಭಿಪ್ರಾಯ. ಇನ್ನು ಕೆಲವರು ಗೊರಕೆ ಹೊಡೆಯುತ್ತಾರೆ. ನಾಚಬೇಕಿಲ್ಲ; ಆದರೆ ರಾತ್ರಿಯ ನಿದ್ದೆ ಸಾಲದೆಂಬುದನ್ನು ಅದು ಸೂಚಿಸುತ್ತಿರಬಹುದು. ಓದಿಗಾಗಿ ನಿದ್ದೆಗೆಡುವವರು ಗಮನಿಸಲಿ: ಈ ಅಭ್ಯಾಸವು ನಿದ್ದೆಗೆ ಬದಲಿಯಲ್ಲ, ಔಷಧಕ್ಕೂ ಬದಲಿಯಲ್ಲ.

ಸ್ವಲ್ಪ ಹೊತ್ತಿನಲ್ಲಿ ಚಳಿಯೆನಿಸಬಹುದು. ದುಡಿಯದ ಸ್ನಾಯು ಕಡಿಮೆ ಶಾಖವನ್ನು ಉತ್ಪಾದಿಸುತ್ತದೆ. ಹೊದಿಕೆ ಬಳಿಯಲ್ಲಿರಲಿ. ಕಾಲುಗಳನ್ನು ಗೋಡೆಗೆ ಚಾಚಿ ಮಲಗುವ ವಿಪರೀತಕರಣಿಯಲ್ಲಿ ಪಾದಗಳು ಜೋಮು ಹಿಡಿದರೆ ಕಾಲು ಮಡಿಸಿ ಇಳಿಸಬೇಕು. ನೋವನ್ನು ಸಹಿಸುವುದು ಇಲ್ಲಿ ಗುಣವಲ್ಲ. ಗ್ಲಾಕೋಮಾ ಅಥವಾ ಹೃದ್ರೋಗವಿರುವವರು ವೈದ್ಯರನ್ನು ಕೇಳದೆ ಈ ಭಂಗಿಗೆ ತೊಡಗಬಾರದು.

ಮುಗಿಸುವಾಗ ಥಟ್ಟನೆ ಏಳಬಾರದು. ಮಲಗಿದ್ದವರು ನಿಂತೊಡನೆ ರಕ್ತವು ಕಾಲುಗಳತ್ತ ಇಳಿದು ತಲೆ ಸುತ್ತಬಹುದು. ಬಲಮಗ್ಗುಲಿಗೆ ಹೊರಳಿ, ಕೈಯೂರಿ ಕುಳಿತು, ಒಂದೆರಡು ನಿಮಿಷ ತಡೆದು ಆಮೇಲೆ ನಿಲ್ಲಬೇಕು.